ಒಂದು ಗಾಲಿಗೆ ಏಳೂವರೆ ಕಿಲೋ

"ನಿಮ್ಮ ಹ್ಯಾಂಡಲ್ ಫೇಲ್ ಆಗೇತ್ರಿ ಕಾಕಾ. ನಮ್ಮ ಅಕ್ಕ ಉಳದದ್ದಽ ದೊಡ್ಡದು."

ಮಂಗಳವಾರ ಮಧ್ಯಾಹ್ನ ಡಬ್ಬಿ ಬಿಚ್ಚಿ ಮೊದಲ ತುತ್ತು ಎತ್ತುವ ಹೊತ್ತಿಗೆ ಬಂದ ಫೋನಿನ ಮೊದಲ ಎರಡು ವಾಕ್ಯಗಳಿವು. ನಮಸ್ಕಾರವಿಲ್ಲ, ಊಟ ಆಯಿತೇ ಎಂಬ ಮಾತಿಲ್ಲ, ನೇರ ಆರೋಪಪಟ್ಟಿ. ತುತ್ತನ್ನು ಡಬ್ಬಿಗೆ ವಾಪಸು ಇಟ್ಟೆ. ಇಷ್ಟು ದೊಡ್ಡ ಆಪಾದನೆ ಹೊತ್ತವನು ಚಪಾತಿ ಅಗಿಯುತ್ತ ಉತ್ತರ ಕೊಡುವುದು ಶೋಭಿಸುವುದಿಲ್ಲ.

ಹ್ಯಾಂಡಲ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ಕಾಲಿನಲ್ಲಿ ಬಲವಿಲ್ಲದವರು ಕಾರು ಓಡಿಸಬೇಕಾದರೆ ಬ್ರೇಕು, ಆಕ್ಸಿಲರೇಟರು ಎರಡೂ ಕೈಗೆ ಬರಬೇಕು. ಸ್ಟೀರಿಂಗಿನ ಎಡಕ್ಕೆ ಒಂದು ಹಿಡಿಕೆ. ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನತ್ತ ಎಳೆದರೆ ಆಕ್ಸಿಲರೇಟರು. ಬಲಗೈ ಮಾತ್ರ ಸ್ಟೀರಿಂಗಿಗೆ ಕೂಡಿಸಿದ ಒಂದು ಗುಂಡಿಯನ್ನು ಹಿಡಿದು ಗಾಡಿ ತಿರುಗಿಸುತ್ತದೆ. ವಿಕ್ರೋಳಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ನೆಲಮಹಡಿಯ ಗಾಳಾದಲ್ಲಿ, ಅಂದರೆ ಒಂದು ಕೋಣೆಯ ಕಾರ್ಖಾನೆಯಲ್ಲಿ, ನಾನು ಇವನ್ನು ತಯಾರಿಸಿ ಗಾಡಿಗೆ ಕೂಡಿಸುತ್ತೇನೆ. ಇಷ್ಟೇ ನನ್ನ ವಂಶಾವಳಿ.

ಫೋನು ಮಾಡಿದವನ ಅಕ್ಕ ಗೋರೆಗಾಂವದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಅಕ್ಕೋರು ಎನ್ನುತ್ತೇನೆ. ಬಾಲ್ಯದಲ್ಲಿ ಪೋಲಿಯೊ ಆಗಿ ಎರಡೂ ಕಾಲು ಸೋತವು. ಕಾಲಿಗೆ ಉಕ್ಕಿನ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು, ಬಗಲಲ್ಲಿ ಊರುಗೋಲು ಇಟ್ಟುಕೊಂಡು ನಡೆಯುತ್ತಾರೆ. ಮೂಲ ಬೆಳಗಾವಿ, ಮನೆ ಘಾಟ್ಕೋಪರ್. ಆಟೋಮ್ಯಾಟಿಕ್ ಗೇರಿನ ಒಂದು ಪುಟ್ಟ ಕಾರನ್ನು ನನ್ನ ಹ್ಯಾಂಡಲ್ ಹಿಡಿದು ನಾಲ್ಕು ವರ್ಷದಿಂದ ದಿನಾ ಗೋರೆಗಾಂವಕ್ಕೆ ಒಯ್ದು ತರುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ಗೀರು ಬಿದ್ದಿರಲಿಲ್ಲ. ಈ ಊರಿನಲ್ಲಿ ಎರಡು ಕಾಲಿರುವವರು ಇದನ್ನು ಎದೆ ತಟ್ಟಿ ಹೇಳಲಿ ನೋಡೋಣ.

ಸೋಮವಾರ ಸಂಜೆ ಶಾಲೆಯಿಂದ ಬರುವಾಗ, ಪವೈ ಇಳಿಜಾರಿನಲ್ಲಿ ಪೇವರ್ ಬ್ಲಾಕುಗಳು ಎದ್ದು ಹಲ್ಲು ಕಿರಿದಿರುವ ಜಾಗದಲ್ಲಿ, ಮುಂದಿನ ರಿಕ್ಷಾ ಗಕ್ಕನೆ ನಿಂತಿದೆ. ಅಕ್ಕೋರು ಹಿಡಿಕೆ ತಳ್ಳಿದ್ದಾರೆ. ಗಾಡಿ ನಿಂತಿದೆ, ಆದರೆ ರಿಕ್ಷಾದ ಹಿಂಭಾಗವನ್ನು ಒಂದಿಷ್ಟು ಒಳಗೆ ತಳ್ಳಿ ನಿಂತಿದೆ. ಯಾರಿಗೂ ಪೆಟ್ಟಾಗಲಿಲ್ಲ. ಕೂಡಿದ ಜನ ಕಿಟಕಿಯೊಳಗೆ ಬಗ್ಗಿ ಹ್ಯಾಂಡಲ್ ನೋಡಿದರು, ಊರುಗೋಲು ನೋಡಿದರು, ಅಲ್ಲಿಗೆ ತನಿಖೆ ಮುಗಿಯಿತು. "ಐಸೇ ಲೋಗೋಂಕೋ ಗಾಡಿ ಕೌನ್ ದೇತಾ ಹೈ?" ಇಂಥವರಿಗೆ ಗಾಡಿ ಕೊಡುವವರು ಯಾರು ಎಂದು ರಿಕ್ಷಾದವನು ತೀರ್ಪು ಓದಿದ. ಅದೇ ಇಳಿಜಾರಿನಲ್ಲಿ ಅದೇ ಸಂಜೆ ಇನ್ನೆಷ್ಟು ಗಾಡಿಗಳು ಒಂದಕ್ಕೊಂದು ಮುತ್ತಿಟ್ಟವೋ, ಯಾರೂ ಆ ಡ್ರೈವರುಗಳ ಕಾಲು ಮುಟ್ಟಿ ನೋಡಲಿಲ್ಲ.

"ಬರೂ ಸೋಮವಾರದಿಂದ ಡ್ರೈವರ್ ಇಟ್ಟೀನ್ರಿ. ಆಕಿ ಇನ್ನ ಗಾಡಿ ಹೊಡಿಯೂದು ಬ್ಯಾಡ. ಅಷ್ಟ್ರಾಗ ನಿಮ್ಮ ಹ್ಯಾಂಡಲ್‌ದಾಗ ಏನು ದೋಷ ಐತಿ ಹೇಳ್ರಿ" ಎಂದ ತಮ್ಮ.

ಅಂದರೆ ನನಗೆ ಆರು ದಿನದ ಗಡುವು. ನನ್ನ ಹ್ಯಾಂಡಲಿಗೆ ಶಿಕ್ಷೆಯಾದರೆ ಆಗಲಿ ಅನ್ನಬಹುದಿತ್ತು. ಆದರೆ ಜೊತೆಗೆ ಜೈಲಿಗೆ ಹೋಗುವವರು ಅಕ್ಕೋರು.

ಬುಧವಾರ ತಮ್ಮನೇ ಗಾಡಿ ತಂದ. ಘಾಟ್ಕೋಪರಿನಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಅಂಗಿಯ ಇಸ್ತ್ರಿಯೂ ಟೈಲ್ಸಿನಂತೆ ನುಣ್ಣಗೆ. ಅಕ್ಕೋರು ಪಕ್ಕದ ಸೀಟಿನಲ್ಲಿದ್ದರು. ನಾಲ್ಕು ವರ್ಷದಲ್ಲಿ ಅವರನ್ನು ಆ ಸೀಟಿನಲ್ಲಿ ನೋಡಿದ್ದು ಅದೇ ಮೊದಲು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಬೇರೆಯವರ ಮನೆಗೆ ಬಂದವರ ಹಾಗೆ.

ನಾನು ಪದ್ಧತಿಯಂತೆ ಹೊರಟೆ. ಹ್ಯಾಂಡಲನ್ನು ಹಿಡಿದಿರುವ ಕ್ಲಾಂಪು, ಅದರ ನಾಲ್ಕು ಬೋಲ್ಟು, ಪೆಡಲಿಗೆ ಹೋಗುವ ರಾಡು, ಅದರ ಪಿನ್ನು, ಬುಶ್ಶು ಒಂದೊಂದನ್ನೂ ಬಿಚ್ಚಿ, ಒರೆಸಿ, ದೀಪದ ಕೆಳಗೆ ಹಿಡಿದು ನೋಡಿದೆ. ಬುಶ್ಶಿನಲ್ಲಿ ಕೂದಲೆಳೆಯಷ್ಟೂ ಸವಕಲಿಲ್ಲ. ಬ್ರೇಕ್ ಆಯಿಲ್ ಮಟ್ಟದಲ್ಲಿದೆ, ಪ್ಯಾಡು ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಎಲ್ಲಿಯೂ ಸೋರಿಕೆ ಇಲ್ಲ. ನಾನೇ ಹ್ಯಾಂಡಲ್ ಹಿಡಿದು ಎಸ್ಟೇಟಿನ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕಿದೆ. ತಳ್ಳಿದೆ, ನಿಂತಿತು. ಆರೋಪಿ ನಿರ್ದೋಷಿ.

ಆದರೆ ಗಾಡಿಯ ಗುಣವೇ ಬೇರೆಯಾಗಿತ್ತು. ಹೊರಡುವಾಗ ಭಾನುವಾರ ಬೆಳಿಗ್ಗೆ ಎಬ್ಬಿಸಿದ ಮಗನಂತೆ ಮೈಮುರಿದು ಏಳುತ್ತಿತ್ತು. ಗೇರು ತಡವಾಗಿ ಬದಲಾಗುತ್ತಿತ್ತು. ಮೊದಲು ಒಂದು ಬೆರಳಿಗೆ ತಿರುಗುತ್ತಿದ್ದ ಸ್ಟೀರಿಂಗು ಅಂಗೈ ಕೇಳುತ್ತಿತ್ತು. ಸಣ್ಣ ಹೊಂಡಕ್ಕೂ ಧಡ್ ಎನ್ನುತ್ತಿತ್ತು. ಇಳಿದು ಸುತ್ತು ಬಂದೆ. ಹ್ಯಾಂಡಲಿನ ಮೇಲೆಯೇ ಕಣ್ಣಿಟ್ಟಿದ್ದ ನನಗೆ ಆಗ ಕಂಡವು.

ಹದಿಮೂರು ಇಂಚಿನ ಬಡ ಕಬ್ಬಿಣದ ಗಾಲಿಗಳಿದ್ದ ಕಡೆ ಹದಿನಾರು ಇಂಚಿನ ಅಲಾಯ್ ಗಾಲಿಗಳು. ಕಪ್ಪು ಬಣ್ಣ, ನಡುವೆ ಕೆಂಪು ಗೆರೆ, ಅಗಲ ಟೈರು. ಪುಟ್ಟ ಕಾರು ಅಪ್ಪನ ಬೂಟು ಹಾಕಿಕೊಂಡು ನಿಂತ ಕೂಸಿನಂತೆ ಕಾಣುತ್ತಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜಿದ ಗುರುತೂ ಇತ್ತು.

"ಇವು ಯಾವಾಗ ಬಂದ್ವು?"

"ದೀಪಾವಳಿ ಭಾವುಬೀಜಕ್ಕ ನಾನಽ ಕೊಟ್ಟದ್ರಿ" ಎಂದ ತಮ್ಮ, ಆ ದಿನ ಮೊದಲ ಸಲ ಮುಖ ಅರಳಿಸಿ. "ಅಕ್ಕ ಆರತಿ ಎತ್ತಿದಾಗ ತಟ್ಟಿಯೊಳಗ ಗಾಲಿ ಹಿಡೀತೈತೇನ್ರಿ? ಅದರ ನಡುವಿನ ಮುಚ್ಚಳ ಇಟ್ಟೆ. ಎಲ್ಲಾರೂ ನಕ್ರು."

ಅಕ್ಕೋರು ನಗಲಿಲ್ಲ.

"ಗಾಡಿ ನಿಲ್ಲೂದಕ್ಕ ತಡಾ ಆಗಾಕ ಈ ಗಾಲಿನಽ ಕಾರಣ ಇರಬೇಕು" ಎಂದೆ.

ಅರಳಿದ ಮುಖ ಮುಚ್ಚಿತು. "ಕಾಕಾ, ಗಾಲಿ ಕೆಲಸ ಉಳ್ಳೂದು. ನಿಲ್ಸೂದು ಬ್ರೇಕಿನ ಕೆಲಸ. ಬ್ರೇಕು ನಿಮ್ಮ ಹ್ಯಾಂಡಲ್‌ದಾಗ ಐತಿ. ದೋಷ ನಿಮ್ಮದು, ಹೆಸರು ನನ್ನ ಓವಾಳಣೀದು?"

ಓವಾಳಣಿ ಎಂದರೆ ಆರತಿಯ ತಟ್ಟೆಗೆ ತಮ್ಮ ಹಾಕುವ ಕಾಣಿಕೆ. ಅದನ್ನು ಅಕ್ಕ ಬೇಡ ಅನ್ನುವಂತಿಲ್ಲ, ಬದಲಾಯಿಸುವಂತಿಲ್ಲ. ಅಂಗಡಿಯ ಗ್ಯಾರಂಟಿಗಿಂತ ಗಟ್ಟಿಯಾದ ಕಾನೂನು ಅದು. ನಾನು ಅಕ್ಕೋರ ಕಡೆ ನೋಡಿದೆ. ವಿಜ್ಞಾನ ಕಲಿಸುವವರು, ಒಂದು ಮಾತು ಹೇಳಿಯಾರು ಎಂದು. ಅವರು ಗಾಳಾದ ಗೋಡೆಯ ಮೇಲಿನ ಕ್ಯಾಲೆಂಡರನ್ನು ಪರೀಕ್ಷೆಗೆ ಓದುವವರಂತೆ ಓದುತ್ತಿದ್ದರು.

"ಹ್ಯಾಂಡಲ್ ಉದ್ದ ಮಾಡ್ರಿ. ಹಗೂರ ಆಗ್ತೈತಿ, ತಂಟೆ ಮುಗೀತು" ಎಂದ ತಮ್ಮ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಬೇಡವೆನ್ನಬೇಕಿತ್ತು. ಹ್ಞೂಂ ಅಂದು ಗಾಡಿ ಇಟ್ಟುಕೊಂಡೆ.

ಗುರುವಾರವಿಡೀ ಕೂತು ಹಳೆಯದಕ್ಕಿಂತ ನಾಲ್ಕು ಇಂಚು ಉದ್ದದ ಹೊಸ ಹ್ಯಾಂಡಲ್ ಮಾಡಿದೆ. ಸನ್ನೆಗೋಲಿನ ಲೆಕ್ಕ ಬಾವಿಯ ರಾಟೆಯಷ್ಟೇ ಹಳೆಯದು. ಉದ್ದವಾದಷ್ಟೂ ಬಲ ಕಡಿಮೆ ಸಾಕು, ಆದರೆ ಅಷ್ಟೇ ಹೆಚ್ಚು ದೂರ ತಳ್ಳಬೇಕು. ಸಂಜೆ ಶಾಲೆ ಬಿಟ್ಟು ರಿಕ್ಷಾದಲ್ಲಿ ಬಂದ ಅಕ್ಕೋರು ಸೀಟಿಗೆ ಕೂತು ತಳ್ಳಿದರು. ಹ್ಯಾಂಡಲ್ ಹಗುರವಾಗಿ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಗೆ ಅವರ ತೋಳು ಪೂರ್ತಿ ಚಾಚಿ, ಎಡ ಭುಜ ಸೀಟು ಬಿಟ್ಟು ಮುಂದೆ ಬಂತು. ಭುಜದ ಜೊತೆ ಮೈ ತಿರುಗಿತು, ಮೈಯ ಜೊತೆ ಬಲಗೈಯಲ್ಲಿದ್ದ ಸ್ಟೀರಿಂಗೂ ತಿರುಗಿತು. ನಿಂತ ಗಾಡಿಯಲ್ಲೇ ಈ ಗತಿ. ಓಡುವ ಗಾಡಿಯಲ್ಲಾಗಿದ್ದರೆ ಬ್ರೇಕು ಹಾಕಿದ ಪ್ರತಿಸಲವೂ ಡಿವೈಡರಿನ ದರ್ಶನ.

"ಇಲ್ರಿ, ಇದು ಆಗೂದಿಲ್ಲ" ಎಂದರು ಅಕ್ಕೋರು ಮೆಲ್ಲಗೆ.

ಬಿಚ್ಚಿ ಹಳೆಯದನ್ನೇ ಕೂಡಿಸಿದೆ. ಸುದ್ದಿ ತಮ್ಮನಿಗೆ ಮುಟ್ಟಿತು. "ನೋಡ್ರಿ, ನಿಮ್ಮ ಕಡಿಂದ ಆಗಲಿಲ್ಲ ಅಂದ್ರ ಆಕೀ ಕಡಿಂದನೂ ಆಗೂದಿಲ್ಲ. ವಯಸ್ಸಾತು" ಎಂದ. ಅಕ್ಕೋರಿಗೆ ನಲವತ್ತೊಂಬತ್ತು. ಕಾಲಿದ್ದವರಿಗೆ ಅದು ಅನುಭವದ ವಯಸ್ಸು, ಕಾಲಿಲ್ಲದವರಿಗೆ ಸಾಕು ಮಾಡುವ ವಯಸ್ಸು.

ಶುಕ್ರವಾರ ಲೋಕಲ್ ಹಿಡಿದು, ದಾದರಿನಲ್ಲಿ ಲೈನು ಬದಲಿಸಿ ಗೋರೆಗಾಂವಕ್ಕೆ ಹೋದೆ, ಆ ಗಾಲಿಗಳನ್ನು ಮಾರಿದ ಅಂಗಡಿಗೆ. ಒಳಗೆ ದೇವಸ್ಥಾನದಷ್ಟು ದೀಪ. ಗೋಡೆಯ ತುಂಬ ಗಾಲಿಗಳು, ಒಂದೊಂದಕ್ಕೂ ಒಂದು ಹೆಸರು, ಬೆಂಕಿ, ಬಿರುಗಾಳಿ, ಚಿರತೆ ಇತ್ಯಾದಿ. ಅಂಗಡಿಯವನು ಬಣ್ಣ ಹೇಳಿದ, ಕಡ್ಡಿಗಳ ಸಂಖ್ಯೆ ಹೇಳಿದ, ಯಾವ ಗಾಡಿಗೆ ಯಾವುದು ಶೋಭೆ ಎಂದು ಜಾತಕ ಕೂಡಿಸುವವನ ಹಾಗೆ ಹೇಳಿದ.

"ಇದರ ತೂಕ ಎಷ್ಟು?" ಎಂದು ಹಿಂದಿಯಲ್ಲಿ ಕೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಕಲ್, ವಜನ್ ಕೌನ್ ಪೂಛತಾ ಹೈ? ಲುಕ್ ದೇಖೋ."

"ನಾನು ಕೇಳ್ತಿದ್ದೀನಿ."

"ಅಲಾಯ್ ಹೈ ನಾ, ಹಲ್ಕಾ ಹೀ ಹೋಗಾ."

ಹಗುರವೇ ಇರುತ್ತದಂತೆ. ಅಲಾಯ್ ಎಂಬ ಹೆಸರು ಇದೆಯಲ್ಲ, ಸಾಕು. ಒಳ್ಳೆಯ ಅಲಾಯ್ ಹಗುರವಿರುವುದು ನಿಜ, ಅದಕ್ಕಾಗಿಯೇ ಅದು ಹುಟ್ಟಿದ್ದು. ಆದರೆ ಅಚ್ಚಿಗೆ ಎರಕ ಹೊಯ್ದು, ಒಡೆಯಬಾರದೆಂದು ದಪ್ಪ ಮಾಡಿ, ಗಾಡಿಗಿಂತ ದೊಡ್ಡ ಅಳತೆಯಲ್ಲಿ ಮಾರುವ ಈ ಸರಕಿಗೆ ಆ ಪುಣ್ಯ ಎಲ್ಲಿಂದ ಬರಬೇಕು? ಒಂದು ಕಿಲೋ ಟೊಮೇಟೊ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವ ಈ ಊರು, ನಾಲ್ಕು ಜನರ ಜೀವ ಹೊರುವ ಗಾಲಿಯನ್ನು ಕಣ್ಣಂದಾಜಿನಲ್ಲಿ ಕೊಳ್ಳುತ್ತದೆ. ವಾಪಸು ಬರುವಾಗ ಲೋಕಲ್‌ನಲ್ಲಿ ನನ್ನ ಪಕ್ಕ ಕೂತವನು ಎರಡು ಸಲ ಸರಿದು ಕೂತ. ಬಹುಶಃ ನಾನು ಗೊಣಗುತ್ತಿದ್ದೆ.

ಗಾಡಿಯ ಡಿಕ್ಕಿಯಲ್ಲಿ ಸ್ಟೆಪ್ನಿ ಇನ್ನೂ ಹಳೆಯದೇ ಇತ್ತು. ಅದನ್ನೂ, ಮುಂದಿನ ಒಂದು ಅಲಾಯ್ ಗಾಲಿಯನ್ನೂ ಉರುಳಿಸಿಕೊಂಡು ಎಸ್ಟೇಟಿನ ಮೂಲೆಯ ರದ್ದಿ ಅಂಗಡಿಗೆ ಹೋದೆ. ಹಳೆಯ ಪೇಪರು, ಕಬ್ಬಿಣ ಕೊಳ್ಳುವ ಅವನಲ್ಲಿ ನೆಲದ ಮೇಲಿಡುವ ದೊಡ್ಡ ತೂಕದ ಕಾಂಟಾ ಇದೆ.

"ಬೇಚನಾ ಹೈ, ಚಾಚಾ?" ಮಾರಲು ತಂದದ್ದೆಂದು ಅವನ ಕಣ್ಣು ಹೊಳೆಯಿತು.

"ನಹೀಂ, ಸಿರ್ಫ್ ತೋಲನಾ ಹೈ."

"ಸಿರ್ಫ್ ತೋಲನಾ?" ಬರೀ ತೂಗುವುದೆಂದರೆ ತನ್ನ ಕಸುಬಿಗೇ ಅವಮಾನವೆಂಬಂತೆ ಮುಖ ಮಾಡಿದ. ಆದರೂ ತೂಗಿದ. ಸ್ಟೆಪ್ನಿ ಹನ್ನೆರಡು ಕಿಲೋ. ಅಲಾಯ್ ಹತ್ತೊಂಬತ್ತೂವರೆ. ಕಾಂಟಾ ಕೆಟ್ಟಿದೆಯೇ ಎಂದು ಅವನೇ ತನ್ನ ತೂಕದ ಕಲ್ಲು ಇಟ್ಟು ಪರೀಕ್ಷಿಸಿ ಮತ್ತೆ ತೂಗಿದ. ಮತ್ತೆ ಅದೇ.

ಒಂದು ಗಾಲಿಗೆ ಏಳೂವರೆ ಕಿಲೋ. ನಾಲ್ಕಕ್ಕೆ ಮೂವತ್ತು. ಮೂವತ್ತು ಕಿಲೋ ಏನು ಮಹಾ, ಒಂದು ಶಾಲೆಯ ಹುಡುಗಿಯನ್ನು ಹಿಂದೆ ಕೂರಿಸಿದ ಹಾಗೆ ಎನ್ನುವವರುಂಟು. ಹುಡುಗಿ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಾಳೆ, ಗಾಲಿಯ ತೂಕ ತಿರುಗುತ್ತಿರುತ್ತದೆ. ಬೀಸುಕಲ್ಲನ್ನು ಬೀಸಿದವರಿಗೆ ಗೊತ್ತು, ಹೊರಡಿಸುವುದೂ ಕಷ್ಟ, ಹೊರಟ ಮೇಲೆ ನಿಲ್ಲಿಸುವುದೂ ಕಷ್ಟ. ಭಾರ ಅಂಚಿನಲ್ಲಿದ್ದಷ್ಟೂ ಹಟ ಹೆಚ್ಚು. ಮೇಲಾಗಿ ಗಾಲಿ ಸ್ಪ್ರಿಂಗಿನ ಕೆಳಗಿರುವ ಭಾರ. ರಸ್ತೆಯ ಕಲ್ಲು ಅದನ್ನು ಮೇಲಕ್ಕೆ ಎಸೆದರೆ ಸ್ಪ್ರಿಂಗು ಅದನ್ನು ಮತ್ತೆ ನೆಲಕ್ಕೆ ಒತ್ತಬೇಕು. ಹಗುರ ಗಾಲಿ ಕೂಡಲೇ ನೆಲ ಹಿಡಿಯುತ್ತದೆ. ಭಾರದ ಗಾಲಿ ಕುಣಿಯುತ್ತದೆ. ಕುಣಿಯುವ ಗಾಲಿಗೆ ಎಂಥ ಬ್ರೇಕು ಹಾಕಿದರೂ ಆ ಕ್ಷಣ ಅದು ಗಾಳಿಯನ್ನು ನಿಲ್ಲಿಸುತ್ತಿರುತ್ತದೆ, ಗಾಡಿಯನ್ನಲ್ಲ.

ಇಷ್ಟೇ ಅಲ್ಲ. ಹೊಸ ಟೈರಿನ ಸುತ್ತಳತೆಯೂ ಹೆಚ್ಚು. ಫೋನಿನ ಸ್ಪೀಡು ನೋಡುತ್ತ ಒಂದು ಸುತ್ತು ಹಾಕಿದೆ. ಗಾಡಿಯ ಮೀಟರು ನಲವತ್ತು ಎನ್ನುವಾಗ ಗಾಡಿ ನಿಜವಾಗಿ ನಲವತ್ತಮೂರರಲ್ಲಿತ್ತು. ಅಂದರೆ ಗಾಲಿ ನಿಲ್ಲಲು ತಕರಾರು ಮಾಡುವುದಲ್ಲದೆ, ಎಷ್ಟು ಜೋರು ಬಂದಿದ್ದೇನೆಂದು ಸುಳ್ಳೂ ಹೇಳುತ್ತಿತ್ತು.

ಶನಿವಾರ ನನ್ನ ಮನೆಯ ತೂಕದ ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗಾಳಾಕ್ಕೆ ತಂದೆ, ನಿಂತು ತೂಕ ನೋಡಿಕೊಳ್ಳುತ್ತೇವಲ್ಲ, ಅದು. ಮಧ್ಯಾಹ್ನ ಅಕ್ಕೋರು ಬಂದರು. ಯಂತ್ರವನ್ನು ಗೋಡೆಗೆ ಆನಿಸಿ ಹಿಡಿದು, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎಡಗೈಯಿಂದ ತಳ್ಳಲು ಹೇಳಿದೆ. ಹದಿನಾಲ್ಕು. ಹಾಗೇ ಹಿಡಿದಿರಲು ಹೇಳಿದೆ. ಹನ್ನೆರಡಕ್ಕೆ ಇಳಿಯಿತು. ನಂತರ ನಾನು ತಳ್ಳಿದೆ. ಇಪ್ಪತ್ತೊಂಬತ್ತು.

ಮುಳ್ಳನ್ನು ಮತ್ತೊಮ್ಮೆ ಓದಿದೆ. ಇಷ್ಟು ವರ್ಷ ನಾನು ಪ್ರತಿಯೊಂದು ಹ್ಯಾಂಡಲನ್ನೂ ಕೂಡಿಸಿದ ಮೇಲೆ ನನ್ನ ಕೈಯಿಂದ ತಳ್ಳಿ, ಗಾಡಿ ನಿಂತರೆ "ಸರಿ ಐತಿ" ಎಂದು ಕೊಟ್ಟು ಕಳಿಸಿದವನು. ಬುಧವಾರವೂ ಅದನ್ನೇ ಮಾಡಿ ಆರೋಪಿ ನಿರ್ದೋಷಿ ಎಂದು ಸಾರಿದ್ದೆ. ಸ್ಪ್ಯಾನರು ತಿರುಗಿಸಿ ಬಲಿತ ಕೈ ನನ್ನದು. ಹಳೆಯ ಗಾಲಿಗೆ ಅಕ್ಕೋರ ಹನ್ನೆರಡು ಕಿಲೋ ಹೇಗೋ ಸಾಕಾಗುತ್ತಿತ್ತು. ಹೊಸದು ಇನ್ನೂ ಒಂದೆರಡು ಕಿಲೋ ಕೇಳುತ್ತಿತ್ತು. ನನ್ನ ಇಪ್ಪತ್ತೊಂಬತ್ತಕ್ಕೆ ಅದು ಗೊತ್ತೇ ಆಗಲಿಲ್ಲ. ಮೂರು ದಿನದಿಂದ ಊರೆಲ್ಲರ ಮೇಲೆ ಹಾರಾಡುತ್ತಿದ್ದ ಸಿಟ್ಟಿನಲ್ಲಿ ಒಂದು ಪಾಲು ಮನೆಗೆ ಮರಳಿ ಬಂತು. ಅಂದೇ ಹಳೆಯ ಗಿರಾಕಿಗಳ ನಂಬರು ಹುಡುಕಿ, ಒಬ್ಬೊಬ್ಬರನ್ನೂ ಕೈ ಅಳೆಯಲು ಕರೆಯಬೇಕೆಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ.

"ಅಕ್ಕೋರ, ಹ್ಯಾಂಡಲ್ ಅಲ್ಲ, ನಿಮ್ಮ ವಯಸ್ಸೂ ಅಲ್ಲ. ಗಾಲಿ. ತೂಕ ಮಾಡೀನಿ" ಎಂದೆ.

"ಗೊತ್ತೈತ್ರಿ."

"ಏನು ಗೊತ್ತೈತಿ?"

"ಗಾಲಿ ಅಂತ. ಹಾಕಿಸಿದ ಮರುದಿನ ಗೊತ್ತಾತು. ಸಾಲ್ಯಾಗ ಜಡತ್ವ ಕಲಿಸಾಕಿ ನಾನಽ ಅಲ್ಲೇನ್ರಿ."

ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದೆ. "ಮತ್ತ ಬುಧವಾರ ಕ್ಯಾಲೆಂಡರ್ ಓದಾಕತ್ತಿದ್ರಿ! ನಿಮ್ಮ ತಮ್ಮ ನನ್ನ ಹ್ಯಾಂಡಲ್‌ನ ಗಲ್ಲಿಗೆ ಏರಸಾಕತ್ತಿದ್ದ, ನೀವು ಏಕಾದಶಿ ಯಾವಾಗ ಅಂತ ನೋಡಾಕತ್ತಿದ್ರಿ!"

"ಬೈರಿ. ಬೈಸ್ಕೊಳ್ಳೂದು ನನ್ನ ಪಾಲಿಗೆ ಐತಿ." ಅವರು ಊರುಗೋಲಿನ ರಬ್ಬರು ಬುಡವನ್ನು ನೆಲಕ್ಕೆ ಒತ್ತುತ್ತ ಹೇಳಿದರು. "ಭಾವುಬೀಜಕ್ಕ ವರ್ಷಾ ಸೀರಿ ತರ್ತಿದ್ದ. ಕ್ಯಾಲಿಪರ್ ಮ್ಯಾಲೆ ಸೀರಿ ಉಟ್ಟು ನಡಿಯೂದು ಎಷ್ಟು ತ್ರಾಸು ಅವಗ ಏನು ಗೊತ್ತ್ರಿ. ಕಪಾಟು ತುಂಬ ಸೀರಿ ಅದಾವು. ಅಕ್ಕ ಗಾಡಿ ಹೊಡೀತಾಳ ಅಂತ ಅವ ಲಕ್ಷ್ಯಕ್ಕ ತಗೊಂಡು ಏನರ ತಂದದ್ದು ಇದಽ ಮೊದಲನೇ ಸಲ. ಅದನ್ನ ಹ್ಯಾಂಗ ಬ್ಯಾಡ ಅನ್ಲಿ?"

ವಾದದಲ್ಲಿ ಸೋತಾಗ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. "ಅವ ಕೊಟ್ಟ ಗಾಲಿ ಸಲುವಾಗಿ ಅವನಽ ನಿಮ್ಮ ಗಾಡಿ ಬಿಡಸಾಕತ್ತಾನ. ಇದು ಎಂಥಾ ಮರ್ಯಾದಿ?"

ಆಗ ನಾನು ಬುಧವಾರವೇ ಮಾಡಬೇಕಾಗಿದ್ದ ನಿರ್ಧಾರವನ್ನು ಮಾಡಿದೆ.

"ಕೇಳ್ರಿ. ಈ ಗಾಲಿ ಇರೂತನಕ ನನ್ನ ಹ್ಯಾಂಡಲ್ ಈ ಗಾಡ್ಯಾಗ ಇರೂದಿಲ್ಲ. ನಾಳೆ ಬಿಚ್ಚಿ ಇಟ್ಕೋತೀನಿ."

ಅವರು ತಲೆ ಎತ್ತಿ ನೋಡಿದರು. ಶಾಲೆಯಲ್ಲಿ ಹಿಂದಿನ ಬೆಂಚಿನವರನ್ನು ನೋಡುವ ನೋಟ. "ಅಂದ್ರ ನೀವೂ ಅವನ ಪಾರ್ಟಿ. ಸೋಮವಾರದಿಂದ ನಾನು ಹಿಂದಿನ ಸೀಟಿನ್ಯಾಗ ಕುಂದ್ರಬೇಕು, ಪಾರ್ಸಲ್ ಹಂಗ."

"ಪಾರ್ಸಲ್ ಆದ್ರೂ ಮುರೀದಽ ಮುಟ್ಟತೈತಿ."

ಹೇಳಿದ ಮೇಲೆ ನನಗೇ ಕಹಿಯೆನಿಸಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

"ನಾಳೆ ಅವನ್ನ ಕರಸ್ತೀನಿ" ಎಂದರು ಅಕ್ಕೋರು ಕೊನೆಗೆ. "ಹಳೇ ಗಾಲಿ ತಗೊಂಡು ಬಾ ಅಂತೀನಿ. ನೀವು ಒಂದು ಮಾತೂ ಹೇಳಬ್ಯಾಡ್ರಿ, ನಾನೂ ಹೇಳೂದಿಲ್ಲ. ಅವನಽ ನನ್ನ ಸೀಟಿನ್ಯಾಗ ಕೂತು ಹೊಡೀಲಿ."

ಭಾನುವಾರ ಬೆಳಿಗ್ಗೆ ಎಸ್ಟೇಟು ಖಾಲಿ. ತಮ್ಮ ಟೆಂಪೊದಲ್ಲಿ ನಾಲ್ಕು ಹಳೆಯ ಗಾಲಿ ತಂದಿದ್ದ, ಮುಖ ಗಂಟಿಕ್ಕಿಕೊಂಡು. ಅವರ ಬಿಲ್ಡಿಂಗಿನ ವಾಚ್‌ಮನ್ ಎರಡು ಗಾಲಿಗಳ ಮೇಲೆ ಹಲಗೆ ಹಾಕಿ ಸಿಂಹಾಸನ ಮಾಡಿಕೊಂಡಿದ್ದನಂತೆ. ಪದಚ್ಯುತಿಗೆ ಸಾಕಷ್ಟು ಜಗಳವಾಯಿತಂತೆ. ಪಕ್ಕದ ಪ್ಯಾಕಿಂಗ್ ಗಾಳಾದಿಂದ ಖಾಲಿ ರಟ್ಟಿನ ಡಬ್ಬಿಗಳನ್ನು ತಂದು ರಸ್ತೆಯ ಕೊನೆಗೆ ಗೋಡೆಯಂತೆ ಒಟ್ಟಿದೆ. ಬ್ರೇಕು ಹಾಕಬೇಕಾದ ಕಡೆ ಸುಣ್ಣದ ಗೆರೆ ಎಳೆದೆ.

"ಅಲಾಯ್ ಮ್ಯಾಲೆ ಮೊದಲ ನೀ ಹೊಡಿ" ಎಂದರು ಅಕ್ಕೋರು ತಮ್ಮನಿಗೆ. "ಕಾಲು ಹಿಂದಕ್ಕ ಎಳ್ಕೊ. ಪೆಡಲ್ ಮುಟ್ಟೀದಿ ಅಂದ್ರ ಲೆಕ್ಕಕ್ಕಿಲ್ಲ. ಬಲಗೈ ಗುಂಡೀ ಮ್ಯಾಲೆ, ಎಡಗೈ ಹ್ಯಾಂಡಲ್ ಮ್ಯಾಲೆ."

"ಸಣ್ಣ ಹುಡುಗರ ಆಟ ಹಚ್ಚೀರಿ" ಎಂದು ಕೂತ. ನಾನು ಪಕ್ಕದಲ್ಲಿ, ಹ್ಯಾಂಡ್ ಬ್ರೇಕಿನ ಮೇಲೆ ಕೈ ಇಟ್ಟುಕೊಂಡು. ನಿಧಾನದಲ್ಲಿ ಎರಡು ಸುತ್ತು ರೂಢಿ ಮಾಡಿಸಿ, ನಂತರ ಮೀಟರು ನಲವತ್ತಕ್ಕೆ ತಂದು ಗೆರೆಯ ಹತ್ತಿರ ತಳ್ಳಿದ. ಟೈಲ್ಸಿನ ಪೆಟ್ಟಿಗೆ ಎತ್ತುವ ತೋಳು. ಗಾಡಿ ಗಪ್ಪನೆ ನಿಂತಿತು. ಇನ್ನೊಮ್ಮೆ ಹೋದ, ಇನ್ನೊಮ್ಮೆ ನಿಂತಿತು.

"ಎಲ್ಲೈತಿ ಗಾಲೀ ದೋಷ?" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಅಕ್ಕನನ್ನೇ ಕೇಳಿದ. "ಹ್ಯಾಂಡಲ್‌ನೂ ಛಲೋ, ಗಾಲಿನೂ ಛಲೋ. ಅಂದ್ರ ಉಳದದ್ದು ಯಾರು?"

ನಾನು ಮಾಡಿದ ತಪ್ಪನ್ನೇ ಅವನೂ ಮಾಡುತ್ತಿದ್ದ, ತನ್ನ ತೋಳನ್ನು ಅಕ್ಕನ ತೋಳೆಂದು ಎಣಿಸುತ್ತಿದ್ದ. ಆದರೆ ಮಾತಾಡುವುದಿಲ್ಲ ಎಂದು ಒಪ್ಪಿದ್ದೆ.

ಅಕ್ಕೋರು ಊರುಗೋಲು ಎತ್ತಿ, ರಸ್ತೆಯ ಇನ್ನೊಂದು ಬದಿ ತೋರಿಸಿದರು. ಅಲ್ಲಿ ನೀರಿನ ಪೈಪಿಗೆಂದು ಅಗೆದು ಮುಚ್ಚಿದ ಜಾಗ, ಕಾಂಕ್ರೀಟು ಒಡೆದು ಬ್ಲಾಕುಗಳು ಎದ್ದಿದ್ದವು. "ಇತ್ತಾಗಿಂದ ಬಾ. ಪವೈದಾಗ ರಸ್ತಾ ಹಿಂಗಽ ಇತ್ತು."

ಬಂದ. ಒಡೆದ ಜಾಗಕ್ಕೆ ಮುಂದಿನ ಗಾಲಿಗಳು ಬಡಿದಾಗ ಇಡೀ ಗಾಡಿ ಹಲ್ಲು ಕಡಿಯಿತು. ಅವನು ಹ್ಯಾಂಡಲ್ ತಳ್ಳಿದ. ಗಾಲಿ ನೆಲ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಕುಣಿಯಿತು. ಸ್ಟೀರಿಂಗು ಒಂದೇ ಕೈಯ ಹಿಡಿತದಿಂದ ಕಿತ್ತುಕೊಳ್ಳಲು ನೋಡಿತು. ಆಗ ಅವನು ಎರಡು ಕಾಲು, ಎರಡು ಕೈ ಇರುವ ಎಲ್ಲರೂ ಮಾಡುವುದನ್ನೇ ಮಾಡಿದ. ಎಡಗೈಯನ್ನು ಹ್ಯಾಂಡಲಿನಿಂದ ತೆಗೆದು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಬ್ರೇಕು ಹೋಯಿತು. ಅದು ಗೊತ್ತಾಗುವ ಮುಂಚೆ ನಾವು ರಟ್ಟಿನ ಡಬ್ಬಿಗಳ ಒಳಗಿದ್ದೆವು. ನಾನು ಹ್ಯಾಂಡ್ ಬ್ರೇಕು ಎಳೆದೆ. ಒಂದು ಡಬ್ಬಿ ಬಾನೆಟ್ಟಿನ ಮೇಲೆ ಹತ್ತಿ, ಯೋಚಿಸಿ, ಉರುಳಿತು.

ಅವನು ಇಳಿಯಲಿಲ್ಲ. ಸ್ಟೀರಿಂಗನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದೇ ಇದ್ದ.

"ಅಕ್ಕಾ, ಆ ಸಂಜಿ ನೀ ಕೈ ಬಿಡಲಿಲ್ಲೇನು?"

"ಬಿಟ್ಟಿದ್ರ ರಿಕ್ಷಾ ಒಳಗ ಇರ್ತಿದ್ದೆ" ಎಂದರು ಅಕ್ಕೋರು.

ನಂತರ ಅವರೇ ಕೂತರು. ಅಲಾಯ್ ಮೇಲೆ ಮೂರು ಸಲ, ಮೀಟರು ನಲವತ್ತಕ್ಕೆ ಇಟ್ಟು ಗೆರೆಯ ಹತ್ತಿರ ಬ್ರೇಕು. ತಮ್ಮ ಜೇಬಿನಿಂದ ತನ್ನ ಅಂಗಡಿಯ ಟೇಪು ತೆಗೆದು ತಾನೇ ಅಳೆದ. ಸುಮಾರು ಇಪ್ಪತ್ತು ಮೀಟರು, ಒಂದು ಸಲ ಇನ್ನೂ ಒಂದು ಗೇಣು ಹೆಚ್ಚು. ಜಾಕು ಹಾಕಿ ನಾಲ್ಕೂ ಗಾಲಿ ಬದಲಿಸಿದೆ, ನಟ್ಟುಗಳನ್ನು ತಮ್ಮನೇ ಬಿಗಿದ. ಹಳೆಯ ಗಾಲಿಯ ಮೇಲೆ ಮತ್ತೆ ಮೂರು ಸಲ, ಅದೇ ಕೈ, ಅದೇ ಹ್ಯಾಂಡಲ್, ಅದೇ ಮೀಟರು. ಅವನು ಮಂಡಿಯೂರಿ ಟೇಪು ಹಾಸಿದ. ಓದಿದ. ಟೇಪು ಎಲ್ಲಾದರೂ ಮಡಿಚಿದೆಯೇ ಎಂದು ಗೆರೆಯತನಕ ನಡೆದು ನೋಡಿ ಬಂದ. ಮತ್ತೆ ಓದಿದ.

"ಹದಿನೈದೂವರೆ" ಎಂದ.

ನಾಲ್ಕೂವರೆ ಮೀಟರು. ಒಂದೂವರೆ ರಿಕ್ಷಾದಷ್ಟು ದೂರ.

ಅಕ್ಕೋರು ಒಡೆದ ಕಾಂಕ್ರೀಟಿನ ಬದಿಯಿಂದಲೂ ಒಮ್ಮೆ ಬಂದರು. ಗಾಡಿ ಅಲ್ಲಾಡಿತು, ಸ್ಟೀರಿಂಗು ಅವರ ಬಲಗೈಯಲ್ಲೇ ಉಳಿಯಿತು, ಗಾಡಿ ಡಬ್ಬಿಗಳಿಗೆ ಬಹಳ ಮೊದಲೇ ನಿಂತಿತು. ತಮ್ಮ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ಕ್ಷಮೆ ಕೇಳುವ ಅಭ್ಯಾಸವಿಲ್ಲದವರು ಕೈಗೆ ಸಿಕ್ಕದ್ದನ್ನು ಹಾಗೆ ಸುತ್ತುತ್ತಾರೆ. ನಾನೂ ಆ ಜಾತಿಯವನೇ.

"ನಾಳೆ ಡ್ರೈವರ್ ಎಂಟಕ್ಕ ಬರ್ತಾನ" ಎಂದ ಕೊನೆಗೆ, ನೆಲ ನೋಡುತ್ತ. "ಅವಗ ಬರಬ್ಯಾಡ ಅಂತ ಹೇಳ್ಲಿ?"

"ಯಾಕ? ಬರ್ಲಿ" ಎಂದರು ಅಕ್ಕೋರು ಸ್ಟೀರಿಂಗಿನ ಹಿಂದಿನಿಂದ. "ನಿನ್ನ ಗಾಡಿಗೆ ಇಟ್ಕೊ. ಹೊಂಡ ಬಂದ್ರ ಬ್ರೇಕ್ ಬಿಡಾವ ನೀನು."

ಅವನು ನಕ್ಕನೋ ಕೆಮ್ಮಿದನೋ ಹೇಳಲಾರೆ. ಅಲಾಯ್ ಗಾಲಿಗಳನ್ನು ಹೇರಿಕೊಂಡ ಟೆಂಪೊದವನಿಗೆ ಹೋಗೆಂದು ಕೈ ಬೀಸಿ, ಸುತ್ತು ಬಂದು ಎಡಗಡೆಯ ಬಾಗಿಲು ತೆರೆದು ಕೂತ. ಗಾಡಿ ಹೊರಡಲಿಲ್ಲ. ಏನು ಕೆಟ್ಟಿತೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಬೆಲ್ಟ್ ಹಾಕ್ಕೊ" ಎಂದರು ಅಕ್ಕೋರು ಅವನಿಗೆ. ಅವನು ಹಾಕಿಕೊಳ್ಳುವ ತನಕ ಕಾದು, ಹ್ಯಾಂಡಲನ್ನು ತಮ್ಮತ್ತ ಎಳೆದರು.